ಕಿವಿಗೆ ಬೀಜ, ಬಾಯಿಗೆ ಮಾತ್ರೆ

ಡಿಪೋದ ಡ್ರೈವರುಗಳು ನನ್ನನ್ನು ಕಿವಿಯಮ್ಮ ಎನ್ನುತ್ತಾರೆ, ಎದುರಿಗೇ ಎನ್ನುತ್ತಾರೆ. ಆಸ್ಪತ್ರೆಯವರು ಓದಿದವರು. ಎದುರಿಗೆ ಮೇಡಂ ಅಂದು, ನಾನು ಬಾಗಿಲು ದಾಟಿದ ಮೇಲೆ "ಜನರ ಕಿವಿ ಮೇಲೆ ಹೂವಿಡೋಕೆ ಹೊರಟ್ರು ನೋಡು" ಎನ್ನುತ್ತಾರೆ. ನನಗೆ ಎರಡೂ ಕೇಳಿಸುತ್ತದೆ. ಹದಿನೆಂಟು ವರ್ಷದಿಂದ ಊರವರ ಕಿವಿ ಹಿಂಡುತ್ತಿರುವವಳ ಕಿವಿ ಅಷ್ಟಾದರೂ ಚುರುಕಾಗಿರಬೇಡವೇ? ಮೊದಮೊದಲು ಮನೆಗೆ ಬಂದು ಅಳುತ್ತಿದ್ದೆ. ಆಮೇಲೆ ಅಳು ನಿಂತು ಸಿಟ್ಟು ಬರತೊಡಗಿತು. ಸಿಟ್ಟು ಬಂದ ಮೇಲೆ ಕೆಲಸ ಚೆನ್ನಾಗಿ ನಡೆಯಿತು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಸಾಸಿವೆಗಿಂತ ಚೂರು ದಪ್ಪಗಿನ, ಕಪ್ಪಗೆ ಗುಂಡಗಿರುವ ಒಂದು ಗಟ್ಟಿ ಬೀಜ. ಉಗುರಿನಷ್ಟಗಲದ ಪ್ಲಾಸ್ಟರ್ ಚೂರಿನ ನಡುವೆ ಅದನ್ನು ಕೂರಿಸಿ, ಕಿವಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚಿಮುಟದಿಂದ ಸರಿಯಾದ ಜಾಗಕ್ಕೆ ಅಂಟಿಸಬೇಕು. ಯಕೃತ್ತಿಗೆ ಒಂದು ಜಾಗ, ಹೊಟ್ಟೆಗೆ ಒಂದು, ಹೃದಯಕ್ಕೆ ಒಂದು, ಹೀಗೆ ಐದಾರು. ಅಂಟಿಸಿಕೊಂಡವರು ದಿನಕ್ಕೆ ನಾಲ್ಕು ಸಲ, ಒಂದೊಂದು ಬೀಜವನ್ನೂ ಮೂವತ್ತು ಎಣಿಸುವಷ್ಟು ಹೊತ್ತು ಒತ್ತಬೇಕು. ಜಾಗ ಸರಿಯಾಗಿದ್ದರೆ ಚುರುಕ್ಕೆಂದು ನೋಯುತ್ತದೆ. ನಾಲ್ಕು ದಿನಕ್ಕೆ ಕಿತ್ತು ಇನ್ನೊಂದು ಕಿವಿಗೆ ಹಾಕಬೇಕು. ಇದು ಚೀನಾದವರ ಹಳೆಯ ವಿದ್ಯೆ. ನನಗೆ ಕಲಿಸಿದ ಗುರುಗಳೂ ಅಲ್ಲಿಯವರೇ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆಯಲ್ಲಿದ್ದರು. ಅವರ ಮೇಜಿನ ಮೇಲೆ ಒಂದು ಕಡೆ ಬೀಜದ ಭರಣಿ, ಇನ್ನೊಂದು ಕಡೆ ಅವರದೇ ಬಿಪಿ ಮಾತ್ರೆ. ನಾನು ಅದನ್ನೇ ಮಿಕಿಮಿಕಿ ನೋಡುತ್ತಿದ್ದಾಗ, "ಯಾಕೆ, ಎರಡು ಕಾಲಲ್ಲಿ ನಡೆಯೋದು ತಪ್ಪಾ?" ಎಂದಿದ್ದರು.

ನಮ್ಮ ಮನೆಯಲ್ಲೂ ಎರಡು ಕಾಲಿನ ನಡಿಗೆಯೇ. ನನ್ನಪ್ಪ ನಲವತ್ತೊಂಬತ್ತಕ್ಕೆ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ನನ್ನ ರಕ್ತದಲ್ಲೂ ಅದೇ ಕೊಬ್ಬು. ಹಾಗಾಗಿ ದಿನಾ ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತೇನೆ, ಕಿವಿಗೆ ಬೀಜವನ್ನೂ ಹಾಕಿಕೊಳ್ಳುತ್ತೇನೆ, ಕೇಳಿದವರಿಗೆಲ್ಲ ಎರಡನ್ನೂ ಹೇಳುತ್ತೇನೆ. ಅತ್ತೆಗೆ ಎಪ್ಪತ್ನಾಲ್ಕು, ಹೃದಯದ ನಾಳದಲ್ಲಿ ಎರಡು ಸ್ಟೆಂಟು ಕೂತಿವೆ. ಅವರದೂ ಇದೇ ಪಥ್ಯ. ನನ್ನವರು ಕೈಗಡಿಯಾರ ರಿಪೇರಿ ಮಾಡುತ್ತಾರೆ, ಅವರಿಗೆ ಯಾವ ಕೊಬ್ಬೂ ಇಲ್ಲ. ಮಾತಿನ ಕೊಬ್ಬು ಬಿಟ್ಟರೆ. ನನ್ನ ಚಿಮುಟ ಅವರ ಅಂಗಡಿಯದೇ.

ನನ್ನ ಕೊಲೆಸ್ಟ್ರಾಲ್ ಲೆಕ್ಕವೂ ಅತ್ತೆಯದೂ ಚೆನ್ನಾಗಿ ಇಳಿದಿತ್ತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಬೀಜದ ಪಾಲೆಷ್ಟು? ಅದೊಂದನ್ನು ತಿಳಿಯಬೇಕೆಂಬುದು ನನ್ನ ಹದಿನೆಂಟು ವರ್ಷದ ಹಟ. ಎಲ್ಲಾ ಬೀಜದಿಂದಲೇ ಎಂದು ಎದೆ ತಟ್ಟಿಕೊಳ್ಳುವವರು ನನ್ನ ಕಸುಬಿನಲ್ಲಿ ಬೇಕಾದಷ್ಟಿದ್ದಾರೆ. ಬೀಜ ಶುದ್ಧ ಬೊಗಳೆ ಎನ್ನುವವರು ಆಸ್ಪತ್ರೆಯಲ್ಲಿ ಬೇಕಾದಷ್ಟಿದ್ದಾರೆ. ನಾನು ಕಂಡ ಯಾರೊಬ್ಬರೂ ಎಣಿಸಿ ನೋಡಿದವರಲ್ಲ. "ಎಣಿಸಿ ನೋಡಿ, ಸುಳ್ಳಾದರೆ ಬಿಟ್ಟುಬಿಡುತ್ತೇನೆ" ಎಂದು ಆಸ್ಪತ್ರೆಗೆ ಐದು ಪತ್ರ ಬರೆದೆ. ಆರನೆಯದಕ್ಕೆ ಹೃದಯ ವಿಭಾಗದ ದೊಡ್ಡ ಡಾಕ್ಟರು ಕರೆಸಿದರು. ಎಲ್ಲಿಂದಲೋ ಇಂಥ ಪರೀಕ್ಷೆಗೆಂದೇ ನಿಧಿ ಬಂದಿತ್ತಂತೆ, ಇಲ್ಲದಿದ್ದರೆ ಆರನೆಯದೂ ಕಸದ ಬುಟ್ಟಿಗೇ ಹೋಗುತ್ತಿತ್ತು.

"ಬಸ್ ಡಿಪೋದಲ್ಲಿ ಐವತ್ತೆರಡು ಡ್ರೈವರುಗಳಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ" ಎಂದು ಡಾಕ್ಟರು ಶುರು ಮಾಡಿದರು. "ಎಲ್ಲರಿಗೂ ಒಂದೇ ಮಾತ್ರೆ, ದಿನಕ್ಕೊಂದು. ಅದರ ಜೊತೆಗೆ ಇಪ್ಪತ್ತಾರು ಜನಕ್ಕೆ ನಿಮ್ಮ ಬೀಜ. ಮಿಕ್ಕ ಇಪ್ಪತ್ತಾರು ಜನಕ್ಕೆ ಬೀಜ ಇಲ್ಲದ ಬರೀ ಪ್ಲಾಸ್ಟರ್. ಯಾರಿಗೆ ಯಾವುದು ಅಂತ ಹೇಳೋ ಹಾಗಿಲ್ಲ. ಮೂರು ತಿಂಗಳು ಬಿಟ್ಟು ಎರಡೂ ಗುಂಪಿನ ರಕ್ತ ನೋಡೋಣ."

"ಡಾಕ್ಟ್ರೇ, ಒತ್ತಿದ ತಕ್ಷಣ ಗೊತ್ತಾಗತ್ತೆ. ಬೀಜ ಇದ್ರೆ ನೋಯತ್ತೆ, ಇಲ್ದಿದ್ರೆ ಇಲ್ಲ. ಅವರೆಲ್ಲ ಒಂದೇ ಬೆಂಚಲ್ಲಿ ಕೂತು ಊಟ ಮಾಡೋ ಜನ."

"ಡ್ರೈವರುಗಳಿಗೆ ಅಷ್ಟೆಲ್ಲ ಎಲ್ಲಿ ತಲೆ ಓಡತ್ತೆ, ಬಿಡಿ."

ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ನನ್ನ ವಿದ್ಯೆಯನ್ನು ಎಣಿಸಿ ನೋಡುತ್ತೇವೆ ಎಂದವರು ಇವರೊಬ್ಬರೇ. ಹಸಿದವಳ ಮುಂದೆ ತಟ್ಟೆ ಇಟ್ಟಾಗ ಅನ್ನ ಹಳಸಿದೆಯೋ ಎಂದು ಮೂಸಿ ನೋಡುವ ತಾಳ್ಮೆ ನನಗಿರಲಿಲ್ಲ.

ವಾರಕ್ಕೆರಡು ಸಲ ಡಿಪೋಗೆ ಹೋಗುತ್ತಿದ್ದೆ. ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಒಂದು ಉದ್ದ ಬೆಂಚು, ನೀರಿನ ಡ್ರಮ್ಮು, ಗೋಡೆಗೆ ತಗಡಿನ ಬೀರುಗಳು. ಒಂದು ಮೂಲೆಯ ಕಿಟಕಿಯ ಹಿಂದೆ ಟೈಂಕೀಪರ್ ಕೂರುತ್ತಿದ್ದ. ಕಡ್ಡಿಯಂಥ ಮನುಷ್ಯ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಮೊಳೆಗೊಂದರಂತೆ ಬಸ್ಸುಗಳ ಕೀಗಳು. ಅವನ ಕೈಯಿಂದ ಕೀ ಬೀಳದೆ ಒಂದು ಬಸ್ಸೂ ಅಲುಗುತ್ತಿರಲಿಲ್ಲ. ಸಮವಸ್ತ್ರದ ಗುಂಡಿ ಒಂದು ಕಿತ್ತಿದ್ದರೂ ಕೀ ಇಲ್ಲ. ಡ್ರೈವರುಗಳು ಅವನನ್ನು ಹೆಂಡತಿಗಿಂತ ಹೆಚ್ಚು ಬೈಯುತ್ತಿದ್ದರು, ಅಷ್ಟೇ ಹೆದರುತ್ತಿದ್ದರು.

ನಾನು ಬೆಂಚಿನ ತುದಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಅಂಟಿಸುತ್ತಿದ್ದೆ. ಜೇಬಿನಲ್ಲಿ ಯಾರಿಗೆ ಬೀಜ, ಯಾರಿಗೆ ಖಾಲಿ ಎಂದು ಡಾಕ್ಟರು ಬರೆದುಕೊಟ್ಟ ಪಟ್ಟಿ. ಎರಡು ವಾರಕ್ಕೊಮ್ಮೆ ಡ್ರೈವರುಗಳು ಖಾಲಿ ಸ್ಟ್ರಿಪ್ ಒಪ್ಪಿಸಿದರೆ ಮಾತ್ರೆಯ ಹೊಸ ಸ್ಟ್ರಿಪ್ ಕೊಡುತ್ತಿದ್ದೆ. ಖಾಲಿ ಸ್ಟ್ರಿಪ್ ಅಂದರೆ ನುಂಗಿದ್ದಾರೆ ಎಂದು ನಮ್ಮ ಲೆಕ್ಕ.

ಮೊದಲ ವಾರದಲ್ಲೇ ಒಬ್ಬ ತಕರಾರು ತೆಗೆದ. ಅವನಿಗೆ ಎಲ್ಲರೂ ಹಾರನ್ ಅನ್ನುತ್ತಿದ್ದರು, ಅವನು ಪಿಸುಗುಟ್ಟಿದರೆ ಮೂರು ಬಸ್ಸಿನಾಚೆ ಕೇಳುತ್ತಿತ್ತು. "ಅಮ್ಮಾ, ನನ್ನ ಕಿವಿ ಯಾಕೆ ನೋಯ್ತಾ ಇಲ್ಲ? ಇವನು ನೋಡಿ, ಹಲ್ಲು ಕಚ್ಕೊಂಡು ಒತ್ಕೋತಾನೆ."

ಅವನದು ಖಾಲಿ ಪ್ಲಾಸ್ಟರ್. ನನಗೆ ಗೊತ್ತಿತ್ತು. "ಕೆಲವರ ಕಿವಿ ಸ್ವಲ್ಪ ದಪ್ಪ ಕಣಪ್ಪ" ಎಂದುಬಿಟ್ಟೆ. ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಮೂರು ತಿಂಗಳಾಯಿತು. ಎಲ್ಲರ ರಕ್ತ ತೆಗೆದರು. ಒಂದು ಸೋಮವಾರ ದೊಡ್ಡ ಡಾಕ್ಟರು ನನ್ನನ್ನು ಕರೆಸಿ, ಎಂದೂ ಇಲ್ಲದ್ದು, ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು. ಖಾಲಿ ಪ್ಲಾಸ್ಟರಿನ ಗುಂಪಿನ ಕೆಟ್ಟ ಕೊಲೆಸ್ಟ್ರಾಲ್ ಸರಾಸರಿ ನೂರ ಅರವತ್ತಾರಿಂದ ನೂರ ಐವತ್ತೊಂದಕ್ಕೆ ಇಳಿದಿತ್ತು. ಬೀಜದ ಗುಂಪಿನದು ನೂರ ಅರವತ್ತೆಂಟರಿಂದ ನೂರ ಒಂದಕ್ಕೆ.

"ಇಷ್ಟು ವ್ಯತ್ಯಾಸ ನಾನು ಕನಸಲ್ಲೂ ಎಣಿಸಿರಲಿಲ್ಲಮ್ಮ" ಎಂದರು. "ದೇಶ ವಿದೇಶದಲ್ಲಿ ಹೆಸರಾಗತ್ತೆ. ಗುರುವಾರ ಆಡಳಿತ ಮಂಡಳಿ ಸಭೆ. ನೆಲಮಹಡಿಯಲ್ಲಿ ನಿಮಗೇ ಅಂತ ಒಂದು ಕೋಣೆ ಕೇಳ್ತೀನಿ. ಬಾಗಿಲ ಮೇಲೆ ಬೋರ್ಡು: ಕಿವಿ ಚಿಕಿತ್ಸಾ ವಿಭಾಗ. ಮುಂದೆ ನೋಡಿ, ಅರ್ಧಕ್ಕರ್ಧ ರೋಗಿಗಳಿಗೆ ಮಾತ್ರೇನೇ ಬೇಡವಾಗಬಹುದು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ಗುರುಗಳು ಬದುಕಿಲ್ಲವಲ್ಲ ಎಂದು ಅತ್ತೆ, ಹದಿನೆಂಟು ವರ್ಷ ನನ್ನ ಬೆನ್ನ ಹಿಂದೆ ನಕ್ಕವರ ಮುಖಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡು ಅತ್ತೆ. ಹಲ್ಲಿಲ್ಲದ ಕಾಲಕ್ಕೆ ಕಡಲೆ ಸಿಕ್ಕಿತು ಅಂತಾರೆ, ನನಗೆ ಹಲ್ಲಿರುವಾಗಲೇ ಸಿಕ್ಕಿತು.

ಮನೆಯಲ್ಲಿ ಹೇಳಿದಾಗ ನನ್ನವರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಎದ್ದು ಬಂದು ತಲೆ ಸವರಿದರು. ಅತ್ತೆ ಮಾತ್ರ ಒಳಗೆ ಹೋಗಿ ತಮ್ಮ ಮಾತ್ರೆಯ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು.

"ತಗೋ, ಇದನ್ನ ಎಲ್ಲಾದ್ರೂ ಎಸಿ. ಇನ್ನು ನನಗೆ ಬೀಜ ಒಂದೇ ಸಾಕು."

"ಅತ್ತೆ, ಹಾಗಲ್ಲ ಅದು. ಅವರೆಲ್ಲ ಮಾತ್ರೆ ಜೊತೆಗೇ ಬೀಜ ಹಾಕ್ಕೊಂಡಿದ್ದು. ನಿಮಗೆ ಸ್ಟೆಂಟ್ ಬೇರೆ ಇದೆ."

"ಮಾತ್ರೆ ಎರಡೂ ಕಡೆ ಇತ್ತಲ್ವಾ? ಖಾಲಿ ಪ್ಲಾಸ್ಟರಿನವರು ಬರೀ ಮಾತ್ರೆ ತಿಂದು ಹದಿನೈದು ಇಳಿಸ್ಕೊಂಡ್ರು. ಮಿಕ್ಕಿದ್ದೆಲ್ಲ ಬೀಜದ್ದೇ ಅಂದಂಗಾಯ್ತು. ಲೆಕ್ಕ ನನಗೂ ಬರತ್ತೆ ಕಣೇ. ಯಾಕೆ, ನಿನ್ನ ಬೀಜದ ಮೇಲೆ ನಿನಗೇ ನಂಬಿಕೆ ಇಲ್ವಾ?"

ಅತ್ತೆ ಮಾತಿನಲ್ಲಿ ನನ್ನನ್ನು ಯಾವಾಗಲೂ ಕಟ್ಟಿಹಾಕುತ್ತಾರೆ. ಮಾತ್ರೆಯನ್ನು ಹೆದರಿಸಿ ನುಂಗಿಸಿದೆ. ಆದರೆ ಅವರ ಲೆಕ್ಕ ನನ್ನನ್ನು ಮಲಗಗೊಡಲಿಲ್ಲ. ಬರೀ ಮಾತ್ರೆಗೆ ಹದಿನೈದೇ? ಅತ್ತೆಗೆ ಬೀಜ ಹಾಕುವ ಮೊದಲೇ, ಬರೀ ಮಾತ್ರೆಯಲ್ಲೇ ಐವತ್ತರ ಮೇಲೆ ಇಳಿದಿತ್ತು.

ಮರುದಿನ ಡಿಪೋಗೆ ಹೋದೆ. ಸುದ್ದಿ ಹೇಳಿ, ಎಲ್ಲರ ಉಪಕಾರ ಸ್ಮರಿಸಿ ಬರುವ ಅಂತ. ಟೈಂಕೀಪರ್ ಕಿಟಕಿಯೊಳಗಿಂದಲೇ ಕೈ ಮಾಡಿ ಕರೆದು, ಮೇಜಿನ ಕೆಳಗಿಂದ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಎತ್ತಿ ನನ್ನ ಮುಂದಿಟ್ಟ.

"ಕಿವಿಯಮ್ಮ, ಇದು ನಿಮ್ಮ ಮಾಲು. ಸಾವಿರದ ಏಳುನೂರ ನಲವತ್ತಿದೆ. ಎಣಿಸ್ಕೊಂಡು ಒಂದು ರಸೀತಿ ಬರೆದುಕೊಟ್ಬಿಡಿ."

ಮುಚ್ಚಳ ತೆಗೆದೆ. ಕಂಠದವರೆಗೆ ಬಿಳಿ ಮಾತ್ರೆಗಳು.

"ಇದೆಲ್ಲಿಂದ ಬಂತಪ್ಪ?"

"ಡಮ್ಮಿಯವರದು" ಎಂದ, ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ. "ಯಾರಿಗೆ ಖಾಲಿ ಪ್ಲಾಸ್ಟರ್ ಅಂತ ಎರಡನೇ ದಿನಾನೇ ಗೊತ್ತಾಯ್ತಲ್ಲ. ಒತ್ತಿದ್ರೆ ನೋವಿಲ್ಲ, ಬಿಚ್ಚಿ ನೋಡಿದ್ರೆ ಬೀಜ ಇಲ್ಲ."

"ಅದಕ್ಕೆ ಮಾತ್ರೆ ಯಾಕೆ ಡಬ್ಬಿಗೆ ಹಾಕಿದ್ರಿ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಮ್ಮಾ, ಹಿಂದಿನ ಶೆಡ್ಡಲ್ಲಿ ಡಮ್ಮಿ ಬಸ್ ನಿಂತಿದೆ, ನೋಡಿದೀರಲ್ಲ? ಹೊಸಬರಿಗೆ ಕಲಿಸೋದು ಅದರಲ್ಲೇ. ಸ್ಟೀರಿಂಗ್ ತಿರುಗತ್ತೆ, ಚಕ್ರ ತಿರುಗಲ್ಲ. ಬ್ರೇಕ್ ತುಳೀಬಹುದು, ಹಿಡಿಯೋಕೆ ಏನೂ ಇಲ್ಲ. ಎಂಜಿನ್ನೇ ಡಮ್ಮಿ ಆದ ಮೇಲೆ ಬ್ರೇಕ್ ಒಂದು ಅಸಲಿ ಯಾರು ಇಡ್ತಾರೆ? ಹಾಗೇ ಪ್ಲಾಸ್ಟರ್ ಡಮ್ಮಿ ಅಂದ್ಮೇಲೆ ಅವರಿಗೆ ಕೊಟ್ಟ ಮಾತ್ರೇನೂ ಡಮ್ಮೀನೇ ಇರಬೇಕು. ಸುಮ್ಮನೆ ಹೊಟ್ಟೆಗೆ ಸುಣ್ಣದ ಪುಡಿ ಯಾಕೆ ಅಂತ ಕೆಲವರು ಎರಡು ಮೂರು ವಾರಕ್ಕೇ ನಿಲ್ಲಿಸಿದ್ರು, ಮಿಕ್ಕವರು ಅವರನ್ನ ನೋಡಿ ನಿಲ್ಲಿಸಿದ್ರು. ಆಸ್ಪತ್ರೆ ಮಾಲು ಎಸೆಯೋ ಹಾಗಿಲ್ಲ, ಅದಕ್ಕೆ ನಾನೇ ಸ್ಟ್ರಿಪ್ಪಿಂದ ಬಿಡಿಸಿ ಡಬ್ಬಿಗೆ ಹಾಕಿಸ್ದೆ."

"ಬೀಜ ಇದ್ದವರು?"

"ಅವರದ್ದು ಖಡಕ್" ಎಂದು ಅವನು ಎದೆಯುಬ್ಬಿಸಿದ. "ಅಸಲಿ ಔಷಧಿ ದಂಡ ಆಗಬಾರದು ನೋಡಿ. ನನ್ನ ಕಿಟಕಿ ಮುಂದೆ ನಿಂತು ಮಾತ್ರೆ ನುಂಗಿ, ನಾಲಿಗೆ ಎತ್ತಿ ತೋರಿಸಿದ್ರೇನೇ ಕೀ. ರಜಾ ಇದ್ದೋರು ಮನೆಯಿಂದ ಫೋನಲ್ಲಿ ನಾಲಿಗೆ ತೋರಿಸ್ತಿದ್ರು. ತೊಂಬತ್ತು ದಿನದಲ್ಲಿ ಒಬ್ಬನೂ ಒಂದು ದಿನ ತಪ್ಪಿಸಿಲ್ಲ. ನಿಮ್ಮ ಆಸ್ಪತ್ರೇಲಿ ಇಷ್ಟು ಕಟ್ಟುನಿಟ್ಟು ಇದೆಯಾ?"

ನಾನು ಡಬ್ಬಿಗೆ ಮುಚ್ಚಳ ಹಾಕಿದೆ. ಒಂದು ಗುಂಪು ತೊಂಬತ್ತು ದಿನ ತಪ್ಪದೆ ಮಾತ್ರೆ ನುಂಗಿದೆ, ಇನ್ನೊಂದು ಗುಂಪು ಮೊದಲ ಕೆಲವು ವಾರ ಬಿಟ್ಟರೆ ನುಂಗಿಯೇ ಇಲ್ಲ. ದೊಡ್ಡ ಡಾಕ್ಟರ ಬಾಯಲ್ಲಿ ನೀರೂರಿಸಿದ ಆ ವ್ಯತ್ಯಾಸವೆಲ್ಲ ಮಾತ್ರೆಯದೇ ಇರಬಹುದು. ನನ್ನ ಬೀಜ ಏನೂ ಮಾಡದೆ ಇರಬಹುದು. ಸ್ವಲ್ಪ ಮಾಡಿರಲೂಬಹುದು. ಈ ಪರೀಕ್ಷೆಯಿಂದ ಅದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಗ ಹಾರನ್ ಒಳಗೆ ಬಂದ. ಹೊರಗಿನ ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಬಾಗಿಲ ಚೌಕಟ್ಟು ಹಿಡಿದು ನಿಂತ. "ಏನಮ್ಮಾ ಕಿವಿಯಮ್ಮ, ನಮ್ಮ ದಪ್ಪ ಕಿವಿ ಪಾಸಾಯ್ತಾ?" ಎಂದ. ದನಿ ಅರ್ಧಕ್ಕೆ ಇಳಿದಿತ್ತು.

"ಏದುಸಿರು ಎಷ್ಟು ದಿನದಿಂದಪ್ಪ?"

"ಒಂದು ತಿಂಗಳಾಯ್ತು. ವಯಸ್ಸಾಯ್ತಲ್ಲ, ಬಿಡಿ." ಅವನಿಗೆ ನಲವತ್ತೇಳು. ದಿನಾ ಅರವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಊರು ದಾಟುವವನು.

ನನಗೆ ನನ್ನಪ್ಪನ ಮುಖ ಕಣ್ಣಿಗೆ ಕಟ್ಟಿತು. ಇವನ ಕಿವಿ ದಪ್ಪ ಎಂದು ನಗಿಸಿದವಳು ನಾನು. ಅಂದು ನಿಜ ಹೇಳಿದ್ದರೆ, "ಪ್ಲಾಸ್ಟರ್ ಖಾಲಿ ಕಣಪ್ಪ, ಮಾತ್ರೆ ಮಾತ್ರ ನಿಜ" ಎಂದು ಒಂದು ಮಾತು ಆಡಿದ್ದರೆ, ಈ ಡಬ್ಬಿ ತುಂಬುತ್ತಿರಲಿಲ್ಲ. ರಸೀತಿ ಬರೆದುಕೊಟ್ಟೆ. ಹಾರನ್ನಿಗೆ ಇವತ್ತು ಕೀ ಕೊಡಬೇಡ ಎಂದು ಟೈಂಕೀಪರಿಗೆ ಹೇಳಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟೆ. ಹಾರನ್ ಹಿಂದಿನಿಂದ ಕೂಗುತ್ತಲೇ ಇದ್ದ.

ದೊಡ್ಡ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಹಾಕಿ ಬಂದರು.

"ಈ ವಿಷಯ ಯಾರ್ಯಾರಿಗೆ ಗೊತ್ತು?"

ಅವರ ಮೊದಲ ಪ್ರಶ್ನೆ ಅದು. ಆ ಇಪ್ಪತ್ತಾರು ಜನ ಹೇಗಿದ್ದಾರೆ ಎಂದಲ್ಲ.

"ನನಗೆ ಗೊತ್ತು. ಅಷ್ಟು ಸಾಕಲ್ವಾ?" ಎಂದೆ.

"ಇವತ್ತೇ ಅವರನ್ನೆಲ್ಲ ಕರೆಸಿ ಮಾತ್ರೆ ಶುರು ಮಾಡಿಸ್ತೀನಿ, ಚಿಂತೆ ಬೇಡ. ಆದರೆ ಸಭೇಲಿ ಇದನ್ನ ಎತ್ತೋ ಅಗತ್ಯ ಇಲ್ಲ. ನೋಡೀಮ್ಮ, ನನಗಿಂತ ನಿಮಗೇ ನಷ್ಟ. ಸುಮ್ಮನಿದ್ರೆ ನಿಮ್ಮ ವಿದ್ಯೆಗೆ ಮರ್ಯಾದೆ ಸಿಗತ್ತೆ, ಕೋಣೆ ಸಿಗತ್ತೆ. ಬಾಯಿ ಬಿಟ್ರೆ ಮತ್ತೆ ಎಲ್ಲರೂ ಕಿವಿ ಮೇಲೆ ಹೂವಿಡೋಳು ಅಂತಾರೆ."

"ಓ, ಹಾಗನ್ನೋದು ನಿಮಗೂ ಗೊತ್ತಾ?"

ಅವರ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಾರಣವಿಲ್ಲದೆ ಕಾಗದಗಳನ್ನು ಜೋಡಿಸತೊಡಗಿದರು.

"ಡಾಕ್ಟ್ರೇ, ನಮ್ಮತ್ತೆ ನಿನ್ನೆ ಮಾತ್ರೆ ಎಸೆಯೋಕೆ ಹೊರಟಿದ್ರು. ನಮ್ಮ ಮನೇಲಿ ನಾನಿದ್ದೆ, ಬೈದು ನುಂಗಿಸ್ದೆ. ನೀವು ಇದನ್ನ ಪೇಪರಲ್ಲಿ ಹಾಕಿಸಿದ ಮೇಲೆ ಎಷ್ಟು ಮನೇಲಿ ಎಷ್ಟು ಅತ್ತೆಯಂದಿರು ಎಸೀತಾರೆ? ಅವರ ಬಾಯಿಗೆಲ್ಲ ಮಾತ್ರೆ ಹಾಕೋಕೆ ನೀವು ಹೋಗ್ತೀರಾ, ನಾನು ಹೋಗ್ಲಾ?"

ಆ ದಿನವೇ ಎಲ್ಲರನ್ನೂ ಕರೆಸುತ್ತೇನೆ ಎಂದವರು, ಹಾರನ್ ಒಬ್ಬನನ್ನು ಕರೆಸಿ ಹೃದಯದ ಪರೀಕ್ಷೆ ಮಾಡಿಸಿ ದಾಖಲು ಮಾಡಿಕೊಂಡರು. ನಾಳ ಮುಕ್ಕಾಲು ಕಟ್ಟಿತ್ತು. ಬುಧವಾರ ಅವನಿಗೂ ಒಂದು ಸ್ಟೆಂಟ್ ಬಿತ್ತು. ಮಿಕ್ಕವರ ವಿಷಯ ಸಭೆ ಮುಗಿದ ಮೇಲೆ ಎಂದರು. ನನ್ನನ್ನು ಸಭೆಗೆ ಬರಬೇಡಿ ಎಂದು ಕಚೇರಿಯಿಂದ ಫೋನು ಮಾಡಿಸಿದರು. ಬರಬೇಡಿ ಎಂದರೆ ಬಾರದೆ ಇರುವ ಜಾತಿಯವಳಲ್ಲ ನಾನು.

ಗುರುವಾರ ಸಭೆಯ ಕೋಣೆಗೆ ಡಬ್ಬಿ ಸಮೇತ ಹೋದೆ. ಉದ್ದ ಮೇಜಿನ ಸುತ್ತ ಐದು ಜನ, ಒಬ್ಬೊಬ್ಬರ ಮುಂದೂ ಮುಚ್ಚಿಟ್ಟ ನೀರಿನ ಲೋಟ. ಗೋಡೆಯ ಮೇಲೆ ಯಾವ ಗುಂಪಿನ ಕೊಲೆಸ್ಟ್ರಾಲ್ ಎಷ್ಟು ಇಳಿಯಿತೆಂದು ತೋರಿಸುವ ಎರಡು ಬಣ್ಣದ ಕಂಬಗಳ ಚಿತ್ರ, ಒಂದು ಗಿಡ್ಡ, ಒಂದು ಎತ್ತರ. ದೊಡ್ಡ ಡಾಕ್ಟರು ಕೋಲಿನಿಂದ ಎತ್ತರದ ಕಂಬವನ್ನು ತೋರಿಸುತ್ತಿದ್ದರು. ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದೆ.

"ಆ ಗಿಡ್ಡ ಕಂಬ ಯಾಕೆ ಗಿಡ್ಡ ಅಂತ ಕೇಳಿ. ಅವರು ನುಂಗಬೇಕಿದ್ದ ಮಾತ್ರೆ ಇಲ್ಲಿದೆ."

ಎಲ್ಲವನ್ನೂ ಹೇಳಿದೆ. ಡಮ್ಮಿ ಬಸ್ಸು, ಕೀ, ನಾಲಿಗೆ, ನಾನು ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಮಂಡಳಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಹಾಗಾದ್ರೆ ನಿಮ್ಮ ಬೀಜ ಕೆಲಸ ಮಾಡತ್ತೋ ಇಲ್ವೋ? ಅದನ್ನ ಹೇಳಿ."

"ಗೊತ್ತಿಲ್ಲ."

"ಇದೇನಮ್ಮ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಿ?"

"ದೀಪ ಅಡ್ಡಗೋಡೆ ಮೇಲಿಟ್ಟಿಲ್ಲ, ತಾಯಿ. ದೀಪಾನೇ ಹಚ್ಚಿಲ್ಲ ಅಂತ ಹೇಳ್ತಿದೀನಿ. ಹಚ್ಚಿದ ಹಾಗೆ ನೀವು ನಟಿಸಬೇಡಿ ಅಂತ ಹೇಳ್ತಿದೀನಿ. ಬೀಜ ಬೊಗಳೆ ಅಂತ ಹೇಳೋಕೂ ಈ ಲೆಕ್ಕ ಬರಲ್ಲ, ಬೀಜ ಸಾಕು, ಮಾತ್ರೆ ಬೇಡ ಅಂತ ಹೇಳೋಕೂ ಬರಲ್ಲ. ಸರಿಯಾಗಿ ಇನ್ನೊಂದು ಸಲ ಮಾಡಿ. ಆ ಸಲ ಡ್ರೈವರುಗಳಿಗೆ ತಲೆ ಇದೆ ಅಂತ ತಿಳ್ಕೊಂಡು ಮಾಡಿ."

ಇನ್ನೊಂದು ಸಲಕ್ಕೆ ನಿಧಿ ಇಲ್ಲ ಎಂದರು. ಕೋಣೆಯ ಮಾತು ಅಲ್ಲಿಗೇ ಬಿತ್ತು. ಈ ಪರೀಕ್ಷೆಗೆಂದು ಆಸ್ಪತ್ರೆ ಮಾಡಿಕೊಂಡಿದ್ದ ನನ್ನ ಒಪ್ಪಂದ ಈ ತಿಂಗಳಿಗೆ ಮುಗಿಯುತ್ತದೆ ಎಂದು ಒಬ್ಬರು ಕಾಗದ ನೋಡಿ ನೆನಪಿಸಿದರು. ನೆನಪಿಸಿದ್ದಕ್ಕೆ ಉಪಕಾರವಾಯಿತು ಎಂದೆ. ನೋವಾಗಲಿಲ್ಲ ಎಂದರೆ ಸುಳ್ಳು. ಆ ನೆಲಮಹಡಿಯ ಕೋಣೆಗೆ ಎಂಥ ಪರದೆ ಹಾಕಬೇಕೆಂದು ಕೂಡ ಯೋಚಿಸಿಟ್ಟಿದ್ದೆ. ಬಾಗಿಲವರೆಗೆ ಹೋದವಳು ತಿರುಗಿ ಬಂದು ದೊಡ್ಡ ಡಾಕ್ಟರ ಮುಂದೆ ನಿಂತೆ.

"ನಾಳೆ ಬೆಳಿಗ್ಗೆ ಮೊದಲ ಪಾಳಿಗೆ ಮುಂಚೆ ಡಿಪೋಗೆ ಬನ್ನಿ. ಆ ಇಪ್ಪತ್ತೈದು ಜನಕ್ಕೆ ನಿಜ ಹೇಳಬೇಕು. ನೀವು ಬರದಿದ್ರೆ ನಾನೊಬ್ಬಳೇ ಹೇಳ್ತೀನಿ, ನನ್ನ ಬಾಯಲ್ಲಿ ಕೇಳಿದ್ರೆ ನಿಮ್ಮ ಹೆಸರು ಇನ್ನೂ ಚೆನ್ನಾಗಿ ಬರತ್ತೆ."

ಅಧ್ಯಕ್ಷೆ ಕೆಮ್ಮಿದರು. "ಹೋಗಿ ಬನ್ನಿ ಡಾಕ್ಟ್ರೇ" ಎಂದರು.

ಬೆಳಿಗ್ಗೆ ಡಾಕ್ಟರು ಬಂದರು. ಇಪ್ಪತ್ತೈದು ಜನ ಬೆಂಚಿನ ಮೇಲೂ ನೆಲದ ಮೇಲೂ ಕೂತಿದ್ದರು. ಇಪ್ಪತ್ತಾರನೆಯವನು ಬರಬಾರದೆಂದು ಹೇಳಿದ್ದರೂ, ಹಿಂದಿನ ಸಂಜೆಯಷ್ಟೇ ಆಸ್ಪತ್ರೆಯಿಂದ ಬಿಡುಗಡೆಯಾದವನು ಹೆಂಡತಿಯ ತೋಳು ಹಿಡಿದು ಅಲ್ಲಿಗೇ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ. ಡಾಕ್ಟರು ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿದರು, ತಮ್ಮಿಂದ ತಪ್ಪಾಯಿತು ಎಂದೂ ನುಂಗಿ ನುಂಗಿ ಹೇಳಿದರು. ಆಮೇಲೆ ನಾನು ಎದ್ದು ನಿಂತೆ.

"ನಿಮ್ಮ ಕಿವಿಗೆ ಖಾಲಿ ಪ್ಲಾಸ್ಟರ್ ಅಂಟಿಸಿದ್ದು ನಾನು. ಗೊತ್ತಿದ್ದೇ ಅಂಟಿಸಿದೆ. ಕೇಳಿದವನಿಗೆ ಸುಳ್ಳು ಹೇಳಿ ನಿಮ್ಮನ್ನ ನಗಿಸಿದೆ. ಆದರೆ ಮಾತ್ರೆ ಮೊದಲಿಂದಲೂ ಅಸಲಿ. ನಾನೂ ದಿನಾ ಅದನ್ನೇ ನುಂಗೋದು. ನನ್ನದು ತಪ್ಪಾಯ್ತು, ಕ್ಷಮಿಸಿ."

ಟೈಂಕೀಪರ್ ಕಿಟಕಿಯ ಹಿಂದೆ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರು ಒಬ್ಬೊಬ್ಬರ ಬಿಪಿ ನೋಡಿ ಹೊಸ ಚೀಟಿ, ಹೊಸ ಸ್ಟ್ರಿಪ್ ಕೊಟ್ಟರು. ನಾನು ಬೆಂಚಿನ ತುದಿಯಲ್ಲಿ ಬೀಜದ ಡಬ್ಬಿ ತೆರೆದುಕೊಂಡು ಕೂತೆ. "ಈ ಸಲ ಎಲ್ಲರಿಗೂ ಬೀಜ ಇದೆ. ಬೇಕಾದವರು ಬನ್ನಿ. ಮಾತ್ರೆ ನುಂಗಿದವರಿಗೆ ಮಾತ್ರ" ಎಂದೆ.

ಮೊದಲು ಎದ್ದವನು ಹಾರನ್. ಹೆಂಡತಿ ಕೂರಿ ಎಂದರೂ ಕೇಳದೆ ನನ್ನ ಮುಂದೆ ಬಂದು ನಿಂತ. ಬಾಗಿಲಿಂದ ಬೆಂಚಿನವರೆಗೆ ಬರುವಷ್ಟರಲ್ಲೇ ಅವನ ಹಣೆ ಒದ್ದೆಯಾಗಿತ್ತು.

"ನಿಮ್ಮ ಬೀಜಾನೂ ಬೇಡ, ನಿಮ್ಮ ಪ್ಲಾಸ್ಟರೂ ಬೇಡ. ಇನ್ನು ನನ್ನ ಕಿವಿ ಮುಟ್ಟಬೇಡಿ" ಎಂದ. ಪಿಸುಗುಟ್ಟಿಯೇ ಹೇಳಿದ, ಇಡೀ ಕೋಣೆಗೆ ಕೇಳಿಸಿತು. ಆಮೇಲೆ ಡಾಕ್ಟರ ಕೈಯಿಂದ ಮಾತ್ರೆ ತೆಗೆದುಕೊಂಡು ನನ್ನ ಕಣ್ಣನ್ನೇ ನೋಡುತ್ತಾ ನುಂಗಿದ. ಕೀ ಕೇಳುವ ಹಾಗಿರಲಿಲ್ಲ, ಆದರೂ ಟೈಂಕೀಪರಿನ ಕಡೆ ತಿರುಗಿ ನಾಲಿಗೆ ಎತ್ತಿ ತೋರಿಸಿದ.

ಹದಿನೆಂಟು ವರ್ಷದಲ್ಲಿ ಯಾರೂ ನನ್ನ ಮುಖಕ್ಕೆ ನೇರವಾಗಿ ಹೀಗೆ ಬೇಡ ಎಂದಿರಲಿಲ್ಲ.

"ಮುಟ್ಟಲ್ಲಪ್ಪ. ಆದರೆ ನಾಳೇನೂ ಬಂದು ನಿನ್ನ ನಾಲಿಗೆ ನೋಡ್ತೀನಿ" ಎಂದೆ.

"ನೋಡಿ. ಯಾರು ಬೇಡ ಅಂದ್ರು?" ಎಂದು ಅವನು ಹೋಗಿ ಕೂತ.

ಅವನ ಹಿಂದೆ ಒಬ್ಬೊಬ್ಬರೇ ಎದ್ದು ಬಂದು ನುಂಗಿದರು, ನಾಲಿಗೆ ತೋರಿಸಿದರು, ಕೀ ತೆಗೆದುಕೊಂಡು ಹೊರಗೆ ಹೋದರು. ನನ್ನ ಮುಂದೆ ಕಿವಿ ಕೊಟ್ಟು ಕೂತವರು ಮೂವರೇ. ಆ ಮೂವರಿಗೆ ಅಂಟಿಸಿ, ಚಿಮುಟ ಒರೆಸಿ ಚೀಲಕ್ಕೆ ಹಾಕುವಾಗ ಕೊನೆಯ ಬಸ್ಸೂ ಗೇಟು ದಾಟಿತು. ದೊಡ್ಡ ಡಾಕ್ಟರು ತಮ್ಮ ಚೀಲದ ಝಿಪ್ ಎಳೆಯುತ್ತಾ, "ಇಷ್ಟೆಲ್ಲ ಕೂಗಾಡಿ ಕೊನೆಗೆ ಸಿಕ್ಕಿದ್ದು ಮೂರು ಕಿವಿ. ಸೋತ್ರಲ್ಲ ಅಮ್ಮ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಅದೇ ನನ್ನನ್ನು ಕೆರಳಿಸಿದ್ದು.

"ಇಪ್ಪತ್ತಾರು ಜನ ನುಂಗಿದ್ರಲ್ಲ, ಡಾಕ್ಟ್ರೇ" ಎಂದೆ. "ಇದರಲ್ಲಿ ನಾನು ಸೋತಿದ್ದೆಲ್ಲಿ?"